ಬುಷ್ರಾಳ ಕೈ ಮತ್ತು ಒಂದು ಮೇಲ್ಮನವಿ

ತರೀಕೆರೆ
18 ಜೂನ್ 2023

ವೇಣು,

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ ಅಂತ ಆಶ್ಚರ್ಯಪಡಬೇಡ. ಫೋನಿನಲ್ಲಿ ನೀನು ‘ಅಕ್ಕಾ, ಅಕ್ಕಾ’ ಅಂದುಬಿಟ್ಟರೆ ನನ್ನ ಸಿಟ್ಟು ಅರ್ಧಕ್ಕರ್ಧ ಇಳಿದುಹೋಗುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಕಿಲ್ಲ. ನೀನೂ ಕಾಗದದಲ್ಲೇ ಉತ್ತರ ಬರಿ.

ಕಿವಿ ಕೇಳದವರ ವಿಡಿಯೋ ಕಾಲಿಗೆ ಅಂತ ನೀನು ಮಾಡಿದ ಪ್ರೋಗ್ರಾಂನ ಪೇಟೆಂಟಿಗಾಗಿ ಹೈಕೋರ್ಟಿಗೆ ಹಾಕಿದ ಮೇಲ್ಮನವಿಯ ಪ್ರತಿಯನ್ನು ಅಬ್ಬಾ ನೋಡಲಿ ಅಂತ ಕಳಿಸಿದ್ದೀಯ. ಅಬ್ಬಾಗೆ ಇಂಗ್ಲಿಷ್ ಬಾರದು, ನಾನೇ ಓದಿ ಹೇಳಿದೆ. ‘ಇದು ಬರೀ ಕಂಪ್ಯೂಟರಿನ ಲೆಕ್ಕಾಚಾರ, ಇಂಥದ್ದಕ್ಕೆ ಪೇಟೆಂಟ್ ಕೊಡುವ ಹಾಗಿಲ್ಲ’ ಅಂತ ಪೇಟೆಂಟ್ ಕಚೇರಿ ತಿರಸ್ಕರಿಸಿದ್ದು, ಅದಕ್ಕೆ ನೀನು ಕೊಟ್ಟ ಉತ್ತರ, ಎಲ್ಲ ಅರ್ಥವಾಯಿತು. ಫೋನಿಗೆ ಬಂದ ವಿಡಿಯೋವನ್ನು ಪೂರ್ತಿ ಬಿಚ್ಚಿ ಆಮೇಲೆ ಚಿಕ್ಕದು ಮಾಡುವ ಬದಲು, ಬಿಚ್ಚುವಾಗಲೇ ಬೇಡದ ಭಾಗವನ್ನೆಲ್ಲ ಕುಗ್ಗಿಸಿ, ಮಾತಾಡುವ ಕೈ ಮತ್ತು ಮುಖವನ್ನು ಮಾತ್ರ ಪೂರ್ತಿ ಉಳಿಸುವುದು. ಬೇಳೆ ಬೆಂದ ಮೇಲೆ ಕಲ್ಲು ಹುಡುಕುವುದಲ್ಲ, ಮೊದಲೇ ಆರಿಸಿಬಿಡುವುದು ಅಂತ ಅಬ್ಬಾಗೆ ಹೇಳಿದೆ. ‘ನಂಗೊತ್ತು ಕಣಮ್ಮ, ನಮ್ ಸ್ಟುಡಿಯೋದಾಗೇ ಕೂತ್ಕಂಡು ಮಾಡಿದ್ದಲ್ವಾ’ ಅಂದರು. ನಿನಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ್ದೂ ಅದೇ ಸ್ಟುಡಿಯೋದಲ್ಲಿ ಅನ್ನುವ ಹೆಮ್ಮೆ ಅವರಿಗೆ.

ಆಮೇಲೆ ಬುಷ್ರಾಳ ವಿಷಯ ಬರೆದ ಪುಟ ಬಂತು. ‘ಹುಟ್ಟು ಕಿವುಡಿ, ಮೂಕಿ, ಅಕ್ಷರ ಅರಿಯದೆ ಕತ್ತಲಲ್ಲಿ ಬಿದ್ದಿದ್ದ ಒಬ್ಬ ದೀನ ಮಹಿಳೆಯನ್ನು ಕಂಡು ಕನಿಕರದಿಂದ ಮೇಲ್ಮನವಿದಾರರು ಈ ಆವಿಷ್ಕಾರ ಮಾಡಿದರು.’ ಥೂ! ಬರೆಯುವಾಗ ನಿನ್ನ ಕೈಗೆ ಹೇಸಿಗೆ ಆಗಲಿಲ್ಲವೇ? ನನ್ನ ತಂಗಿ ಹತ್ತನೇ ಕ್ಲಾಸು ಪಾಸಾದವಳು. ಅವಳು ಯಾವ ಕತ್ತಲಲ್ಲಿ ಬಿದ್ದಿದ್ದಳು? ಕರೆಂಟು ಹೋದಾಗ ನಾವೆಲ್ಲರೂ ಬೀಳುವ ಕತ್ತಲೆ ಬಿಟ್ಟು ಬೇರೆ ಕತ್ತಲೆ ನಮ್ಮ ಮನೆಯಲ್ಲಿರಲಿಲ್ಲ. ‘ಬೆರಳು ಮಸುಕಾದ್ರೆ ನಾನು ತೊದಲಿದಂಗೆ ಕಾಣುತ್ತೆ, ಹಿಂದಿನ ಗೋಡೆ ಮಸುಕಾಗ್ಲಿ ಬಿಡು’ ಅಂತ ನಿನಗೆ ಹೇಳಿದವಳೇ ಅವಳು. ನೀನು ಒಂದೊಂದು ಸಲ ಬದಲಾಯಿಸಿದಾಗಲೂ ಕೂತು ಪರೀಕ್ಷೆ ಮಾಡಿಕೊಟ್ಟಳು. ಕಣ್ಣ ಮುಂದೆ ಮುಷ್ಟಿ ಹಿಡಿದು ಲೆನ್ಸ್ ತಿರುಗಿಸಿದ ಹಾಗೆ ತಿರುಗಿಸಿ, ಅದೇ ನಿನ್ನ ಹೆಸರು ಅಂತ ಇಟ್ಟಳು. ಕೈಮಾತಿನವರು ಯಾರಿಗೆ ಬೇಕಾದರೂ ಹೆಸರಿಡುವುದಿಲ್ಲ, ಮನೆಯವರು ಅನ್ನಿಸಿದವರಿಗೆ ಮಾತ್ರ. ಅದು ನಿನಗೂ ಗೊತ್ತು.

ಆ ಪ್ಯಾರಾ ತೆಗೆಸು. ಗೆಲ್ಲು, ಬೇಡ ಅನ್ನುವುದಿಲ್ಲ. ಅವಳ ಮೈಮೇಲೆ ಕಾಲಿಟ್ಟು ಹತ್ತಬೇಡ.

ಶಹನಾಜ್

*

ಚೆನ್ನೈ
2 ಜುಲೈ 2023

ಪ್ರೀತಿಯ ಶಹನಾಜಕ್ಕನಿಗೆ,

ವೇಣು ಮಾಡುವ ನಮಸ್ಕಾರಗಳು. ನಿಮ್ಮ ಕಾಗದ ಓದಿ ಊಟ ಸೇರಲಿಲ್ಲ. ಮೊದಲೇ ಇಲ್ಲಿ ನನಗೆ ಊಟ ಸೇರುವುದು ಕಷ್ಟ. ರೂಮಿನ ಕೆಳಗೇ ಮೆಸ್ಸು, ಮೂರು ಹೊತ್ತೂ ಅದೇ ಹುಳಿ ವಾಸನೆ. ಕಡೂರಿನ ನನ್ನ ಸ್ಟುಡಿಯೋಗೆ ಬೀಗ ಹಾಕಿ ಬಂದವನು, ಇಲ್ಲೊಂದು ಎಡಿಟಿಂಗ್ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಕೇಸಿನ ಹಿಂದೆ ಓಡಾಡುತ್ತಿದ್ದೇನೆ.

ಅಕ್ಕಾ, ಆ ಮಾತುಗಳು ನನ್ನವಲ್ಲ. ನಮ್ಮ ವಕೀಲರು ಯೋಗಾನಂದ ಅಂತ. ‘ಕೋರ್ಟಿಗೆ ಬರೀ ಪ್ರೋಗ್ರಾಂ ತೋರಿಸಿದ್ರೆ ಆಗಲ್ಲಪ್ಪಾ, ಅದರಿಂದ ಲೋಕದಲ್ಲಿ ಏನು ಬದಲಾಯ್ತು ಅಂತ ತೋರಿಸ್ಬೇಕು, ಒಂದು ಮುಖ ಬೇಕು’ ಅಂದರು. ಅವರ ಬರವಣಿಗೆಯೇ ಹಾಗೆ, ಸ್ವಲ್ಪ ನಾಟಕ. ಹೇಳುತ್ತೇನೆ, ತೆಗೆಸುತ್ತೇನೆ. ಬುಷ್ರಾಗೆ ತೋರಿಸಬೇಡಿ.

ಇನ್ನೊಂದು ವಿಷಯ, ಬಹಳ ದಿನದಿಂದ ಹೇಳಬೇಕು ಅಂದುಕೊಂಡಿದ್ದೆ. ಬುಷ್ರಾಳ ಮದುವೆ ವಿಡಿಯೋವನ್ನು ನಿಮ್ಮ ತಂದೆ ಸಾಬ್ರು ತಮ್ಮ ಸ್ಟುಡಿಯೋದ ಯೂಟ್ಯೂಬ್ ಚಾನೆಲ್ಲಿನಲ್ಲಿ ಹಾಕಿದ್ದಾರಲ್ಲ, ಅದನ್ನು ತೆಗೆದುಬಿಟ್ಟರೆ ಒಳ್ಳೆಯದು. ಹೆಂಗಸರ ಕಡೆಯದ್ದೆಲ್ಲ ಅದರಲ್ಲಿದೆ. ಪರ್ದಾ ಇರುವ ಮನೆತನ, ಯಾರ್ಯಾರೋ ನೋಡುತ್ತಾರೆ, ಏನೇನೋ ಬರೆಯುತ್ತಾರೆ. ಮನೆಯವನ ಹಾಗೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಖರ್ಚಿನ ಚಿಂತೆ ಸಾಬ್ರಿಗೆ ಬೇಡ. ಒಬ್ಬರು ಹಿತೈಷಿಗಳು ನೋಡಿಕೊಳ್ಳುತ್ತಿದ್ದಾರೆ.

ನಿಮ್ಮ ತಮ್ಮ,
ವೇಣು

*

ತರೀಕೆರೆ
20 ಜುಲೈ 2023

ವೇಣು,

ನಿನ್ನ ಕಾಗದ ಓದಿ ನಾಚಿಕೆಯಾಯಿತು. ನಾನು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದಿದ್ದರೆ, ನೀನು ನಮ್ಮ ಮನೆ ಹೆಣ್ಣುಮಕ್ಕಳ ಮರ್ಯಾದೆ ಯೋಚಿಸುತ್ತ ಕೂತಿದ್ದೀಯ. ನಮ್ಮ ಸ್ವಂತ ನೆಂಟರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅಬ್ಬಾ ಕೇಳಿ, ‘ನೋಡ್ದ್ಯಾ, ಹುಡುಗ ಹೆಂಗಿದಾನೆ’ ಅಂದರು. ಅವತ್ತೇ ವಿಡಿಯೋ ತೆಗೆಸಿದೆ.

ತೆಗೆಯುವ ಮೊದಲು ನಾನೂ ಅಬ್ಬಾನೂ ಕೂತು ಇನ್ನೊಂದು ಸಲ ನೋಡಿದೆವು. 2018ರ ನವೆಂಬರ್, ಇಲ್ಲಿಯ ಶಾದಿ ಮಹಲು. ಗಂಡಸರು ಕೆಳಗೆ, ಹೆಂಗಸರು ಮೇಲೆ. ನಿಕಾಹಿನಲ್ಲಿ ಹುಡುಗಿಯ ಪರವಾಗಿ ನಿಲ್ಲುವ ವಕೀಲರು, ಇಬ್ಬರು ಸಾಕ್ಷಿಗಳು ಅವಳ ಹತ್ತಿರ ಹೋಗಿ ಒಪ್ಪಿಗೆ ಕೇಳಿಕೊಂಡು ಬರುವ ಹೊತ್ತಿಗೆ, ಅಜ್ಜಂಪುರದಿಂದ ಬಂದ, ಮದುಮಗ ಅಖೀಲನ ದೊಡ್ಡಪ್ಪ ಎದ್ದು ನಿಂತರಲ್ಲ. ‘ಹುಡುಗಿಗೆ ಮಾತು ಬರಲ್ಲ. ತಲೆ ಆಡ್ಸಿದ್ಲು ಅಂತ ಇವ್ರು ಬಂದು ಹೇಳಿದ್ರೆ ನಾವೆಂಗೆ ನಂಬೋದು? ಒತ್ತಾಯ ಮಾಡಿದ್ರೋ ಏನೋ!’ ಖಾಜಿಯವರೂ ನಿಕಾಹ್ ನಿಲ್ಲಿಸಿದರು. ಅಖೀಲನಿಗೂ ಕಿವಿ ಕೇಳದು, ಏನು ಗಲಾಟೆ ಅಂತ ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ.

ಆಗ ನೀನು ಕ್ಯಾಮೆರಾವನ್ನು ಅಬ್ಬಾ ಕೈಗೆ ಕೊಟ್ಟು ಮೇಲೆ ಓಡಿ ಬಂದು ಬುಷ್ರಾಳ ಮುಂದೆ ಫೋನ್ ಇಟ್ಟೆ. ಕೆಳಗೆ ದೊಡ್ಡ ಟಿವಿ ಹಾಕಿದೆ. ಮೊದಲು ಮಾಮೂಲಿ ವಿಡಿಯೋ ಕಾಲ್, ಚಿತ್ರ ಒಡೆದು ಬರೀ ಚೌಕ ಚೌಕ. ಆಮೇಲೆ ನಿನ್ನ ಪ್ರೋಗ್ರಾಂ. ಮುಖದ ಮೇಲೆ ಹೂವಿನ ಸೆಹ್ರಾ ಇತ್ತು, ಕಂಡದ್ದು ಅವಳ ಕೈ ಮಾತ್ರ, ಮೆಹಂದಿಯ ಗೆರೆಯೂ ಕಾಣುವ ಹಾಗೆ, ಟಿವಿಯ ತುಂಬ. ಖಾಜಿಯವರು ಕೇಳಿದರು, ನಾನು ಕೈಯಲ್ಲಿ ಕೇಳಿದೆ. ಅವಳು ‘ಕಬೂಲ್’ ಅಂದಳು. ಕೇಳಿದಷ್ಟು ಸಲವೂ ಅಂದಳು. ಕೆಳಗಿದ್ದ ಗಂಡಸರೆಲ್ಲ ಒಂದು ಹೆಣ್ಣಿನ ಕೈ ಮಾತಾಡುವುದನ್ನು ನೋಡಿದರು. ದೊಡ್ಡಪ್ಪನವರು ಕಣ್ಣೊರೆಸಿಕೊಂಡರು.

ಊಟವಾದ ಮೇಲೆ ಅಖೀಲನ ಗೆಳೆಯರು, ಕಡೂರು, ಬೀರೂರು, ಭದ್ರಾವತಿಯ ಕಿವಿ ಕೇಳದ ಹುಡುಗರೆಲ್ಲ, ನಿನ್ನನ್ನು ಸುತ್ತಿಕೊಂಡರು. ಮಹಲಿನ ಕರಿಹಲಗೆ ಎಳೆದು ತಂದು, ಸೀಮೆಸುಣ್ಣ ಹಿಡಿದು, ಯಾವುದರ ನಂತರ ಯಾವುದು ಅಂತ ಬಿಡಿಸಿ ಬಿಡಿಸಿ ಬರೆದು ಹೇಳಿದೆ, ನಾನು ಪಕ್ಕದಲ್ಲಿ ನಿಂತು ಅವರಿಗೆ ಕೈಯಲ್ಲಿ ಹೇಳಿದೆ. ಎಲ್ಲರ ಫೋನಿಗೂ ಹಾಕಿಕೊಟ್ಟೆ. ನಿನ್ನ ಹಣೆಯ ಮೇಲೆಲ್ಲ ಸೀಮೆಸುಣ್ಣ. ಎಷ್ಟು ಚೆನ್ನಾಗಿ ಪಾಠ ಹೇಳುತ್ತೀಯೋ ನೀನು, ಮೇಷ್ಟ್ರಾಗಬೇಕಿತ್ತು.

ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆ ಪ್ಯಾರಾ ಮಾತ್ರ ಮರೆಯಬೇಡ.

ಶಹನಾಜಕ್ಕ

*

ಚೆನ್ನೈ
11 ಮಾರ್ಚ್ 2024

ಶಹನಾಜಕ್ಕನಿಗೆ ನಮಸ್ಕಾರ.

ನೀವು ಬರೆದ ಮೂರು ಕಾಗದಗಳೂ ತಲುಪಿವೆ. ಉತ್ತರ ಬರೆಯಲಾಗಲಿಲ್ಲ, ಕೆಲಸ. ವಾದ ಮುಗಿಯಿತು, ತೀರ್ಪು ಕಾದಿರಿಸಿದ್ದಾರೆ. ಯೋಗಾನಂದ ಸಾರ್ ಅದ್ಭುತವಾಗಿ ವಾದ ಮಾಡಿದರು. ‘ಇದು ಬರೀ ಲೆಕ್ಕವಲ್ಲ, ಫೋನು ಎಂಬ ಯಂತ್ರದ ಕೆಲಸವನ್ನೇ ಬದಲಾಯಿಸುತ್ತದೆ, ಬ್ಯಾಟರಿ ಉಳಿಯುತ್ತದೆ, ಚಿತ್ರ ನಿಲ್ಲುವುದಿಲ್ಲ’ ಅಂತ ಒಂದೊಂದಾಗಿ ತೋರಿಸಿದರು. ಬುಷ್ರಾ ಮಾತಾಡುವ ವಿಡಿಯೋವನ್ನೂ ಹಾಕಿ ತೋರಿಸಿದರು. ನ್ಯಾಯಾಲಯದಲ್ಲಿ ಪಿಸುಮಾತೂ ಇರಲಿಲ್ಲ ಅಕ್ಕಾ.

ಮದುವೆ ವಿಡಿಯೋ ತೆಗೆಸಿದ್ದಕ್ಕೆ ಉಪಕಾರವಾಯಿತು. ಮನೆಯಲ್ಲಿ ಬೇರೆ ಪ್ರತಿ ಏನಾದರೂ ಇದೆಯೇ?

ವೇಣು

*

ತರೀಕೆರೆ
6 ಏಪ್ರಿಲ್ 2024

ವೇಣು,

ಬುಷ್ರಾಳ ಯಾವ ವಿಡಿಯೋ ತೋರಿಸಿದಿರಿ? ಸ್ಟುಡಿಯೋದಲ್ಲಿ ಪರೀಕ್ಷೆಗೆ ಅಂತ ತೆಗೆದದ್ದೇ? ಅದರಲ್ಲಿ ಅವಳು ನಿನಗೆ ‘ಟೀ ತಣ್ಣಗಾಯ್ತು, ಕುಡಿದು ಸಾಯಿ’ ಅಂತ ಬೈಯುತ್ತಿದ್ದಾಳೆ. ಪಿಸುಮಾತಿಲ್ಲದೆ ಅದನ್ನೇ ನೋಡಿದರೇನು? ಇದನ್ನು ಹೇಳಿದಾಗ ಬುಷ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಆ ಪ್ಯಾರಾದ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ನಿನ್ನ ಹಿತೈಷಿ ಯಾರು ಅಂತಲೂ ಕೇಳಿದ್ದೆ, ಅದಕ್ಕೂ ಉತ್ತರವಿಲ್ಲ.

ಹೊಟ್ಟೆ ಹಿಡಿದುಕೊಂಡು ಅಂದೆನಲ್ಲ, ಈಗ ಅದರೊಳಗೆ ಇನ್ನೊಂದು ಜೀವವಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ! ಅಜ್ಜಂಪುರದಿಂದ ಡಾಕ್ಟರ ಹತ್ತಿರ ಹೋದಾಗಲೆಲ್ಲ ನನಗೆ ಫೋನು. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ಕೇಳಿ ಅವಳಿಗೆ ಕೈಯಲ್ಲಿ ಹೇಳುತ್ತೇನೆ. ಅವಳು ಕೇಳಿದ್ದನ್ನು ಡಾಕ್ಟರಿಗೆ ಬಾಯಲ್ಲಿ ಹೇಳುತ್ತೇನೆ. ಆ ಆಸ್ಪತ್ರೆಯ ಗೋಡೆಯೊಳಗೆ ಸಿಗ್ನಲ್ ಸರಿಯಾಗಿ ಬರುವುದಿಲ್ಲ, ನಿನ್ನ ಪ್ರೋಗ್ರಾಂ ಇರುವುದರಿಂದ ಆಗುತ್ತಿದೆ. ಬುಷ್ರಾ ಒಬ್ಬಳೇ ಅಲ್ಲ, ಚೌಳಹಿರಿಯೂರಿನ ಒಬ್ಬಾಕೆ ಬ್ಯಾಂಕಿಗೆ ಹೋದಾಗ, ಬೀರೂರಿನ ಹುಡುಗ ಪೊಲೀಸ್ ಸ್ಟೇಷನ್ನಿಗೆ ಹೋದಾಗ, ಎಲ್ಲರಿಗೂ ನನ್ನದೇ ಬಾಯಿ. ಇದಕ್ಕಾಗಿ ನಿನಗೆ ಋಣಿಯಾಗಿದ್ದೇನೆ, ಸಿಟ್ಟಿನ ನಡುವೆಯೇ ಹೇಳುತ್ತಿದ್ದೇನೆ.

ಪ್ರತಿ ಇದೆಯೇ ಅಂತ ಕೇಳಿದ್ದೀಯ. ನಮ್ಮ ಮನೆಯಲ್ಲಿಲ್ಲ. ಯಾಕೆ?

ಶಹನಾಜ್

*

ಚೆನ್ನೈ
30 ಆಗಸ್ಟ್ 2024

ಶಹನಾಜಕ್ಕ ಅವರಿಗೆ,

ಸಂತೋಷದ ಸುದ್ದಿ. ಮೇಲ್ಮನವಿ ಗೆದ್ದಿದ್ದೇವೆ. ತಿರಸ್ಕರಿಸಿದ ಆದೇಶವನ್ನು ರದ್ದು ಮಾಡಿ, ಅರ್ಜಿಯನ್ನು ಮತ್ತೆ ಹೊಸದಾಗಿ ಪರಿಶೀಲಿಸಿ ಅಂತ ಪೇಟೆಂಟ್ ಕಚೇರಿಗೆ ವಾಪಸು ಕಳಿಸಿದ್ದಾರೆ. ಇನ್ನು ಸಿಗುವುದು ಖಂಡಿತ. ಸಾಬ್ರಿಗೆ ತಿಳಿಸಿ.

ಒಂದು ಸಣ್ಣ ಸೂಚನೆ. ಎಲ್ಲರ ಫೋನಿನಲ್ಲಿರುವ ಹಳೆಯ ಪ್ರೋಗ್ರಾಂ ಸೆಪ್ಟೆಂಬರ್ ಮೊದಲ ವಾರದಿಂದ ಕೆಲಸ ಮಾಡುವುದಿಲ್ಲ. ಮುಂದೆ ಹೊಸದು ಬರುತ್ತದೆ, ಸ್ವಲ್ಪ ದಿನ ಸಹಕರಿಸಬೇಕು ಅಂತ ಎಲ್ಲರಿಗೂ ಹೇಳಿ.

ವೇಣು

*

ಅಜ್ಜಂಪುರ
12 ಸೆಪ್ಟೆಂಬರ್ 2024

ವೇಣು,

ನಿನ್ನ ಸಂತೋಷದ ಸುದ್ದಿ ಮೊನ್ನೆ ತಲುಪಿತು. ಸಾದಾ ಅಂಚೆಯಲ್ಲಿ ಹಾಕಿದ್ದೀಯ. ಕಾಗದ ಬರಿ ಅಂದವಳು ನಾನೇ, ಹೌದು. ನನ್ನ ಸಿಟ್ಟಿಗೆ ಉತ್ತರ ಕಾಗದದಲ್ಲಿ ಬರಿ ಅಂದಿದ್ದೆ. ಜನರ ಬಾಯಿ ಮುಚ್ಚಿಸುವ ಸುದ್ದಿಯನ್ನು ಫೋನ್ ಮಾಡಿ ಹೇಳಬಾರದಿತ್ತೇ? ಮಾಡಿದ್ದರೆ ನಾನು ಪ್ರಶ್ನೆ ಕೇಳುತ್ತಿದ್ದೆ, ಅದಕ್ಕೇ ಮಾಡಲಿಲ್ಲ.

ಆರನೇ ತಾರೀಕು ಬುಷ್ರಾಗೆ ನೋವು ಬಂತು, ಇನ್ನೂ ದಿನವಿತ್ತು. ನಾನು ಮೈಸೂರಿನಲ್ಲಿ ತರಬೇತಿಯಲ್ಲಿದ್ದೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿ ಮಗು ತೆಗೆದರು. ಮಗುವಿಗೆ ಉಸಿರಾಟ ಸ್ವಲ್ಪ ಕಷ್ಟವಿತ್ತು ಅಂತ ತಕ್ಷಣ ಬೇರೆ ಕೋಣೆಗೆ ತೆಗೆದುಕೊಂಡು ಹೋದರು. ನರ್ಸಮ್ಮನಿಗೆ ನಾವು ಮೊದಲೇ ಹೇಳಿಟ್ಟಿದ್ದೆವು, ಈ ಗುಂಡಿ ಒತ್ತಿ, ನನ್ನ ಮುಖ ಬರುತ್ತದೆ, ನೀವು ಬಾಯಲ್ಲಿ ಹೇಳಿ, ನಾನು ಅವಳಿಗೆ ಹೇಳುತ್ತೇನೆ ಅಂತ. ಅವರು ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಈ ಸೇವೆ ನಿಂತಿದೆ ಅಂತ. ಪಾಪ ಅವರಿಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಫೋನನ್ನು ಚೀಲಕ್ಕೆ ಹಾಕಿ ಮಂಚದ ಕೆಳಗಿಟ್ಟು, ಮಾಸ್ಕಿನ ಒಳಗಿಂದ ಏನೋ ಹೇಳಿ ಹೋದರು.

ಸಂಜೆಯವರೆಗೆ ಅಖೀಲನನ್ನೂ ಅವಳ ಅತ್ತೆಯನ್ನೂ ವಾರ್ಡಿನೊಳಗೆ ಬಿಡಲಿಲ್ಲ. ಹೊರಗಿದ್ದ ಅತ್ತೆಗೆ ಗೊತ್ತಿತ್ತು, ಹೆಣ್ಣು ಮಗು, ಚೆನ್ನಾಗಿದೆ ಅಂತ. ಅತ್ತೆ ನನಗೆ ಫೋನ್ ಮಾಡಿದರು. ನಾನು ಅಬ್ಬಾಗೆ ಮಾಡಿದೆ. ಅಬ್ಬಾ ತರೀಕೆರೆಯಲ್ಲಿ ಅಂಗಡಿ ಸಾಲಿನವರಿಗೆಲ್ಲ ಮಿಠಾಯಿ ಹಂಚಿದರು. ಊರಿಗೆಲ್ಲ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು, ಬಗ್ಗಿ ಚೀಲ ಎಳೆಯಲಾರದೆ, ಬಂದು ಹೋಗುವವರ ಮಾಸ್ಕು ನೋಡುತ್ತ, ಮಗು ಸತ್ತಿದೆ ಅಂದುಕೊಂಡು ಸಂಜೆಯವರೆಗೆ ಮಲಗಿದ್ದಳು. ಸಂಜೆ ನಾನು ಬಸ್ಸಿಳಿದು ಓಡಿ ಹೋಗಿ ವಾರ್ಡಿಗೆ ಕಾಲಿಟ್ಟರೆ, ನನ್ನ ತಂಗಿ ನನ್ನನ್ನು ನೋಡಿ ಕೇಳಿದ್ದೇನು ಗೊತ್ತೇ? ‘ಮಣ್ಣು ಮಾಡಿ ಆಯ್ತಾ?’

ಈ ಪ್ರಶ್ನೆಯನ್ನು ಕೈಯಲ್ಲಿ ಹೇಗೆ ಕೇಳುತ್ತಾರೆ ಅಂತ ನಿನಗೆ ಬರುತ್ತದೆ, ಅವಳೇ ನಿನಗೆ ಕೈಮಾತು ಕಲಿಸಿದವಳು. ಒಂದು ಸಲ ನಿನ್ನ ಕೈಯಲ್ಲಿ ಮಾಡಿ ನೋಡು.

ನಿನ್ನ ‘ಸಣ್ಣ ಸೂಚನೆ’ಯಲ್ಲಿ ಕಾರಣವೇ ಇಲ್ಲ. ಪ್ರೋಗ್ರಾಂ ತಾನಾಗಿ ನಿಂತಿತೇ, ನೀನು ನಿಲ್ಲಿಸಿದೆಯಾ? ಯಾಕೆ ನಿಲ್ಲಿಸಿದೆ? ಯಾರು ನಿಲ್ಲಿಸು ಅಂದರು? ಇದಕ್ಕೆ ನೇರ ಉತ್ತರ ಬೇಕು.

ಶಹನಾಜ್

*

ಚೆನ್ನೈ
28 ಸೆಪ್ಟೆಂಬರ್ 2024

ಅಕ್ಕಾ,

ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಮಗುವಿಗೆ ಹೆಸರು ಏನಿಟ್ಟಿರಿ?

ನೇರವಾಗಿಯೇ ಹೇಳುತ್ತೇನೆ. ಮೊದಲ ಸಲ ತಿರಸ್ಕಾರವಾದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆಗ ಒಂದು ಕಂಪನಿಯವರು ಬಂದರು. ಮೇಲ್ಮನವಿಯ ಜವಾಬ್ದಾರಿಯೆಲ್ಲ ಅವರದು, ಪೇಟೆಂಟ್ ಬಂದರೆ ಹಕ್ಕು ಅವರದು, ಸಂಶೋಧಕ ಅಂತ ಹೆಸರು ನನ್ನದು. ಬರೆದುಕೊಟ್ಟೆ. ಎಲ್ಲೂ ಉಚಿತ ಪ್ರತಿ ಓಡಾಡಬಾರದು ಅಂತ ಒಪ್ಪಂದದಲ್ಲಿದೆ. ತೀರ್ಪು ಬಂದ ಕೂಡಲೇ ನಿಲ್ಲಿಸು ಅಂದರು, ನಿಲ್ಲಿಸಿದೆ.

ಅವರು ಕೈಮಾತಿನವರಿಗೆ ಅಂತ ಏನೂ ಮಾಡುವುದಿಲ್ಲ. ದೊಡ್ಡ ದೊಡ್ಡ ಅಂಗಡಿಗಳಿಗೆ ಕ್ಯಾಮೆರಾ ಹಾಕುವವರು. ಗಿರಾಕಿಗಳ ಕೈ ಎಲ್ಲಿ ಹೋಗುತ್ತದೆ, ಸಾಮಾನು ಎತ್ತಿ ಚೀಲಕ್ಕೆ ಹಾಕಿಕೊಂಡರೇ ಅಂತ ನೋಡಲು ಅವರಿಗೆ ಕೈ ಸ್ಪಷ್ಟವಾಗಿ ಕಾಣಬೇಕು. ಇದರಲ್ಲಿ ತಪ್ಪೇನಿದೆ ಅಕ್ಕಾ, ಒಂದು ಚಾಕುವನ್ನು ಯಾರು ಯಾವುದಕ್ಕೆ ಬೇಕಾದರೂ ಕೊಳ್ಳಬಹುದು. ಬುಷ್ರಾಗೆ ಒಂದು ಪ್ರತಿ ಉಚಿತವಾಗಿ ಕೊಡಿ ಅಂತ ಕೇಳಿದ್ದೇನೆ, ಅವರೂ ಒಪ್ಪಬಹುದು. ಬೇರೆಯವರಿಗೆ ಹೇಳಬೇಡಿ.

ಒಂದೇ ಒಂದು ವಿನಂತಿ. ಮದುವೆಯ ವಿಡಿಯೋ ಯಾರ ಹತ್ತಿರವಾದರೂ ಉಳಿದಿದ್ದರೆ, ಅರ್ಜಿ ಇತ್ಯರ್ಥವಾಗುವ ತನಕ ಅದು ಹೊರಗೆ ಬರದ ಹಾಗೆ ನೋಡಿಕೊಳ್ಳಿ. ಮನೆಯ ಮರ್ಯಾದೆ.

ವೇಣು

*

ತರೀಕೆರೆ
19 ನವೆಂಬರ್ 2024

ಶ್ರೀ ವೇಣು ಅವರಿಗೆ,

ನೀನು, ತಾನು ಅನ್ನುವ ಸಲಿಗೆ ಇಲ್ಲಿಗೆ ಮುಗಿಯಿತು.

ನಾನು ಕನ್ನಡ ಪಾಠ ಹೇಳುವವಳು, ಕಾನೂನು ತಿಳಿದವಳಲ್ಲ. ಆದರೆ ಒಂದೇ ವಿಡಿಯೋದ ಬಗ್ಗೆ ಒಬ್ಬ ಮನುಷ್ಯ ಮತ್ತೆ ಮತ್ತೆ ಕೇಳಿದರೆ ಕುರಿಗೂ ಅನುಮಾನ ಬರುತ್ತದೆ. ಕಡೂರಿನಲ್ಲಿ ವಕೀಲಿಕೆ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ಪ್ರಜ್ಞಾಳ ಹತ್ತಿರ ಹೋಗಿ ನಿಮ್ಮ ಕಾಗದಗಳನ್ನು ಇಟ್ಟೆ. ಅವಳು ಕೇಳಿದ್ದು ಒಂದೇ ಮಾತು. ‘ಮಿಸ್, ಮದುವೆ ಯಾವಾಗ ಆಗಿದ್ದು, ಅರ್ಜಿ ಯಾವಾಗ ಹಾಕಿದ್ದು?’ ಮದುವೆ 2018ರ ನವೆಂಬರ್. ಅರ್ಜಿ 2019ರ ಫೆಬ್ರವರಿ. ಅರ್ಜಿ ಹಾಕುವ ಮೊದಲೇ ನೀವು ತುಂಬಿದ ಶಾದಿ ಮಹಲಿನಲ್ಲಿ ಅದನ್ನು ನಡೆಸಿ ತೋರಿಸಿದ್ದಿರಿ, ಹಲಗೆಯ ಮೇಲೆ ಬರೆದು ಕಲಿಸಿದ್ದಿರಿ, ಎಲ್ಲರ ಫೋನಿಗೂ ಹಂಚಿದ್ದಿರಿ. ಊರಿಗೆಲ್ಲ ಕೊಟ್ಟುಬಿಟ್ಟದ್ದನ್ನು ಆಮೇಲೆ ನನ್ನದೊಬ್ಬನದೇ ಅಂತ ಕೇಳಲು ಬರುವುದಿಲ್ಲವಂತೆ. ಅದು ನಿಮಗೆ ಮೊದಲಿನಿಂದ ಗೊತ್ತಿತ್ತು.

ಪರ್ದಾ ಅಂದಿರಲ್ಲ! ನಾನು ಅದನ್ನು ಓದಿ ನಾಚಿಕೊಂಡೆ. ನಮ್ಮ ಅಬ್ಬಾ ಹಿಗ್ಗಿದರು. ನಮ್ಮ ಹೆಂಗಸರ ಮರ್ಯಾದೆಯನ್ನು ನಿಮ್ಮ ಕಳ್ಳಮಾಲು ಮುಚ್ಚುವ ಬಟ್ಟೆ ಮಾಡಿಕೊಂಡಿರಿ. ಮಾರಿಕೊಂಡದ್ದನ್ನು ಕ್ಷಮಿಸಬಹುದಿತ್ತೋ ಏನೋ. ಇದನ್ನು ಮಾತ್ರ ಕ್ಷಮಿಸಲಾರೆ. ಬುಷ್ರಾಳನ್ನು ಕೋರ್ಟಿನಲ್ಲಿ ದೀನಳನ್ನಾಗಿ ಮಾಡಿ ಅತ್ತಿರಿ, ಗೆದ್ದ ವಾರವೇ ಅವಳ ಬಾಯಿ ಕಟ್ಟಿದಿರಿ. ಈಗ ಅದೇ ಕೈ ನೋಡುವ ವಿದ್ಯೆಯಿಂದ ಯಾವ ಬಡವಿ ಸೋಪು ಕದ್ದಳು ಅಂತ ಹಿಡಿಯುತ್ತೀರಿ.

ಪ್ರತಿ ಇದೆಯೇ ಅಂತ ಕೇಳಿದ್ದಿರಿ. ಅಜ್ಜಂಪುರದಲ್ಲಿ ಅಖೀಲನ ತಾಯಿಯ ಹತ್ತಿರ ಇದೆ. ಮನೆಗೆ ಯಾರೇ ಬರಲಿ, ಹಾಲಿನವರು ಬರಲಿ, ಮೀಟರ್ ಓದುವವರು ಬರಲಿ, ಟೀ ಕೊಟ್ಟು ಕೂರಿಸಿ ಮಗನ ಮದುವೆ ವಿಡಿಯೋ ಹಾಕುವುದು ಆಕೆಯ ಪದ್ಧತಿ. ಆ ಊರಿನಲ್ಲಿ ನಿಮ್ಮ ಕರಿಹಲಗೆಯ ಪಾಠ ನೋಡದವರೇ ಕಡಿಮೆ.

ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದಂತೆ. ಹೈಕೋರ್ಟು ಅರ್ಜಿಯನ್ನು ಹೊಸದಾಗಿ ನೋಡಿ ಅಂದಿರುವುದರಿಂದ ಆ ಬಾಗಿಲು ಇನ್ನೂ ತೆರೆದಿದೆ. ನಿಮ್ಮ ಗೆಲುವೇ ಅದನ್ನು ತೆರೆದದ್ದು. ಹಾಕುತ್ತಿರುವವಳು ಬುಷ್ರಾ.

ಶಹನಾಜ್ ಬೇಗಂ

*

ಕಡೂರು
9 ಮಾರ್ಚ್ 2025

ಶಹನಾಜಕ್ಕನಿಗೆ,

ಊರಿಗೆ ಬಂದಿದ್ದೇನೆ. ತರೀಕೆರೆಗೆ ಬಂದು ಸ್ಟುಡಿಯೋ ಎದುರು ನಿಂತಿದ್ದೆ. ಸಾಬ್ರು ನೋಡಿದರು, ನೋಡಿ ಒಳಗೆ ಹೋದರು. ಕರೆಯಲಿಲ್ಲ. ಬೈದಿದ್ದರೂ ಆಗುತ್ತಿತ್ತು.

ಕಂಪನಿಯವರು ಕಾಗದದ ಮೇಲೆ ಕಾಗದ ಬರೆಯುತ್ತಿದ್ದಾರೆ, ಈ ಮದುವೆಯ ವಿಷಯ ಯಾಕೆ ಮುಚ್ಚಿಟ್ಟೆ ಅಂತ. ಯೋಗಾನಂದ ಸಾರ್ ಈಗ ನನ್ನ ಫೋನು ಎತ್ತುವುದಿಲ್ಲ. ಅವರಿಗೂ ನಾನು ಹೇಳಿರಲಿಲ್ಲ.

ಆಕ್ಷೇಪಣೆ ವಾಪಸು ತೆಗೆದುಕೊಳ್ಳಿ ಅಂತ ಕಾಲು ಹಿಡಿಯುತ್ತೇನೆ. ದುಡ್ಡು ಹಾಳಾಗಲಿ. ನನಗೆ ಬೇಕಾಗಿದ್ದು ಆ ಕಾಗದದ ಮೇಲೆ ನನ್ನ ಹೆಸರು. ಈ ಊರಿನಲ್ಲಿ ನಾನು ಯಾರು ಹೇಳಿ. ‘ಏಯ್ ವಿಡಿಯೋ, ಈ ಕಡೆ ತಿರುಗ್ಸಪ್ಪಾ.’ ‘ವಿಡಿಯೋದವನಿಗೆ ಊಟ ಆಯ್ತಾ ನೋಡ್ರೋ.’ ಎಷ್ಟು ಮದುವೆ ಮಾಡಿದ್ದೇನೆ, ಒಬ್ಬರಾದರೂ ನನ್ನ ಹೆಸರು ಕೇಳಿದ್ದಾರೆಯೇ? ಸಂಶೋಧಕ ವೇಣು ಅಂತ ಒಂದು ಕಡೆ ಅಚ್ಚಾದರೆ ಸಾಕು ಅನ್ನಿಸಿತು. ಇಷ್ಟೇ ಅಕ್ಕಾ. ಇದನ್ನು ಬುಷ್ರಾಗೆ ಹೇಳಿ, ಅವಳಿಗೆ ಅರ್ಥವಾಗುತ್ತದೆ. ನನಗೆ ಹೆಸರಿಟ್ಟವಳು ಅವಳು.

ನಿಮ್ಮ ತಮ್ಮ ಅಂತ ಬರೆಯಲು ಧೈರ್ಯವಿಲ್ಲ.

ವೇಣು

*

ತರೀಕೆರೆ
24 ಆಗಸ್ಟ್ 2025

ಶ್ರೀ ವೇಣು ಅವರಿಗೆ,

ನಿಮಗೂ ಆದೇಶದ ಪ್ರತಿ ಬಂದಿರುತ್ತದೆ. ಅರ್ಜಿ ಹಾಕುವ ಮೊದಲೇ ಆ ವಿದ್ಯೆ ಬಹಿರಂಗವಾಗಿತ್ತು ಅಂತ ಅರ್ಜಿ ತಿರಸ್ಕಾರವಾಗಿದೆ. ಇನ್ನು ಅದು ನಿಮ್ಮದೂ ಅಲ್ಲ, ಅಂಗಡಿ ಕ್ಯಾಮೆರಾದವರದೊಬ್ಬರದೇ ಅಲ್ಲ. ಆ ಕಂಪನಿಯವರು ಬೇಕಾದರೆ ಅದನ್ನು ಬಳಸಿಕೊಳ್ಳುತ್ತಾರೆ, ತಡೆಯುವವರು ಯಾರು. ಆದರೆ ನಮ್ಮನ್ನೂ ಯಾರೂ ತಡೆಯುವ ಹಾಗಿಲ್ಲ. ಭದ್ರಾವತಿಯ ಕಾಲೇಜಿನ ಇಬ್ಬರು ಹೆಣ್ಣುಮಕ್ಕಳು ಮದುವೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಹಲಗೆಯ ಮೇಲೆ ನೀವು ಬರೆದದ್ದನ್ನೇ ನೋಡಿಕೊಂಡು ಪ್ರೋಗ್ರಾಂ ಮತ್ತೆ ಬರೆದಿದ್ದಾರೆ. ಓಡುತ್ತಿದೆ. ನೀವು ಒಳ್ಳೆಯ ಮೇಷ್ಟ್ರು ಅಂತ ನಾನು ಬರೆದದ್ದು ಸುಳ್ಳಾಗಲಿಲ್ಲ.

ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ಬುಷ್ರಾಳ ಕೈಗೇ ಕೊಟ್ಟೆ. ಅವಳಿಗೆ ಓದಲು ಬರುತ್ತದೆ, ನಿಮ್ಮ ಮೇಲ್ಮನವಿ ಏನೇ ಹೇಳಲಿ. ಎರಡು ಸಲ ಓದಿ ಮಡಿಸಿ ಕೊಟ್ಟಳು. ನನಗೂ, ಸುಳ್ಳು ಹೇಳುವುದಿಲ್ಲ, ಆ ‘ಏಯ್ ವಿಡಿಯೋ’ ಅನ್ನುವ ಸಾಲು ಓದಿದಾಗ ಒಂದಿಷ್ಟು ಮರುಕವಾಯಿತು. ಆದರೆ ಹೆಸರಿಲ್ಲದವನ ನೋವು ತಿಳಿದವರು, ನನ್ನ ತಂಗಿಯ ಹೆಸರು ತೆಗೆದು ಅಲ್ಲಿ ‘ದೀನ ಮಹಿಳೆ’ ಅಂತ ಬರೆಸಿದಿರಿ. ಅಷ್ಟು ಉದ್ದದ ಮೇಲ್ಮನವಿಯಲ್ಲಿ ಬುಷ್ರಾ ಅನ್ನುವ ಹೆಸರು ಒಂದು ಕಡೆಯೂ ಇಲ್ಲ. ನಾನು ಹುಡುಕಿ ನೋಡಿದ್ದೇನೆ.

ಆಮೇಲೆ ಆಕ್ಷೇಪಣೆಯ ಜೊತೆ ಕೊಡಬೇಕಾದ ಪ್ರಮಾಣಪತ್ರ ಮಾಡಿಸಲು ಇಲ್ಲಿಯ ನೋಟರಿ ಮಲ್ಲಿಕಾರ್ಜುನಪ್ಪನವರ ಹತ್ತಿರ ಹೋದೆವು. ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕಿದರು. ನೀವು ಹಲಗೆಯ ಮುಂದೆ ನಿಂತಿದ್ದೀರಿ, ಹಣೆಯ ಮೇಲೆ ಸೀಮೆಸುಣ್ಣ. ಅವರು ಚಿತ್ರ ನಿಲ್ಲಿಸಿ, ‘ಇವ್ರು ಯಾರು ಅಂತ ಕೇಳಮ್ಮ’ ಅಂದರು. ನಾನು ಕೈಯಲ್ಲಿ ಕೇಳಿದೆ. ಕಣ್ಣ ಮುಂದೆ ಮುಷ್ಟಿ ಹಿಡಿದು ತಿರುಗಿಸುತ್ತಾಳೆ ಅಂತ ಕಾದೆ. ಅವಳ ಕೈ ಕಣ್ಣಿನ ಹತ್ತಿರ ಹೋಗಲಿಲ್ಲ. ಹೆಗಲ ಮೇಲೆ ಕ್ಯಾಮೆರಾ ಚೀಲದ ಪಟ್ಟಿ ಇರುವ ಹಾಗೆ ತೋರಿಸಿ ಹೇಳಿದಳು. ನಾನು ಅದನ್ನು ಬಾಯಲ್ಲಿ ಹೇಳಿದೆ, ನೋಟರಿಯವರು ಬರೆದುಕೊಂಡರು: ‘ವಿಡಿಯೋಗೆ ಬಂದಿದ್ದವರು.’

ಮಗುವಿನ ಹೆಸರು ಕೇಳಿದ್ದಿರಿ. ಅದನ್ನು ಹೇಳುವುದು ಬೇಡ ಅಂದಿದ್ದಾಳೆ. ಮಗು ಕೈಮಾತು ಕಲಿಯುತ್ತಿದೆ, ಹಾಲು, ಬೆಕ್ಕು, ಅಮ್ಮ. ಮುಷ್ಟಿ ಹಿಡಿದು ಲೆನ್ಸ್ ತಿರುಗಿಸುವುದನ್ನೂ ಕಲಿಸಿದ್ದಾಳೆ. ಮೊನ್ನೆ ನಾನು ಮಗುವಿನ ಮುಂದೆ ಅದನ್ನು ಮಾಡಿದೆ. ಮಗು ತಿರುಗಿ ನೋಡಿ, ಗೂಡಿನಲ್ಲಿಟ್ಟಿದ್ದ ಕ್ಯಾಮೆರಾ ತೋರಿಸಿತು.

ಶಹನಾಜ್ ಬೇಗಂ